ಗೋಡೆ ದಾಟಿದ ಹೀರೇಬಳ್ಳಿ

ಸುಧಾ, ಮಾಧೂ, ಆತ್ಮದ ಸ್ವಾತಂತ್ರ್ಯದ ಬಗ್ಗೆ ಬರೆಯುವಷ್ಟು ಓದಿದವಳಲ್ಲ ನಾನು. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೇ ನಿಂತವಳು. ನಾನು ಹತ್ತಿರದಿಂದ ಕಂಡ ಸ್ವಾತಂತ್ರ್ಯವೆಂದರೆ ಒಂದು ಹೀರೇಬಳ್ಳಿಯದು.

ನನ್ನ ಮಗ, ಅಂದರೆ ನಿಮ್ಮಪ್ಪನ ಕಚೇರಿ ಕೆಲಸಕ್ಕಾಗಿ ಧಾರವಾಡ ಬಿಟ್ಟು ಪುಣೆಯ ಪೇಠೆಯಲ್ಲಿ ಮನೆ ಹಿಡಿದಿದ್ದೆವು. ಹಿತ್ತಲಲ್ಲಿ ಬೀಜ ಊರಿ ಚಪ್ಪರ ಹಾಕಿದೆ. ಬಳ್ಳಿಗೆ ನನ್ನ ಚಪ್ಪರ ಹಿಡಿಸಲಿಲ್ಲ. ಬಿಸಿಲಿದ್ದದ್ದು ಗೋಡೆಯಾಚೆ, ಯಮುನಾಬಾಯಿಯ ಅಂಗಳದಲ್ಲಿ. ದಿನಾ ಬೆಳಿಗ್ಗೆ ಕುಡಿಯನ್ನು ಈಚೆಗೆ ತಿರುಗಿಸಿ ನಾರಿನಿಂದ ಕಟ್ಟುತ್ತಿದ್ದೆ. ಮರುದಿನ ಅದು ಮತ್ತೆ ಗೋಡೆಯ ಮೇಲೆ. ಕಣ್ಣಿಲ್ಲದ ಕುಡಿಗೆ ದಾರಿ ಹೇಳುವವರು ಯಾರೋ. ಒಳಗೆ ನಿಮ್ಮಪ್ಪ ಗೆಳೆಯರ ಮುಂದೆ, "ಸ್ವಾತಂತ್ರ್ಯ ಯಾರೂ ಕೊಡೂದಲ್ಲರೀ, ಹುಟ್ಟಿನಿಂದನ ಬಂದದ್ದು" ಎನ್ನುತ್ತಿದ್ದ. ನಾನು ಹೌದೆಂದು ತಲೆಯಾಡಿಸುತ್ತ ಗಂಟನ್ನು ಇನ್ನಷ್ಟು ಬಿಗಿಯುತ್ತಿದ್ದೆ.

ಕಾಯಿಗಳೆಲ್ಲ ಆಚೆ ಬದಿಗೇ ಬಿಟ್ಟವು. ಆಗಲೇ ಚಾತುರ್ಮಾಸದ ಶಾಕವ್ರತ ಬಂತು. ತಿಂಗಳವರೆಗೆ ನಮ್ಮ ಮನೆಯಲ್ಲಿ ಕಾಯಿಪಲ್ಲೆ ಮುಟ್ಟುವಂತಿಲ್ಲ. ಬಳ್ಳಿಗೆ ಅದೂ ಗೊತ್ತಿತ್ತೇನೋ, ತಿನ್ನುವವರ ಕಡೆಗೆ ಹೋಗಿತ್ತು. ಆದರೆ ಪರರ ಬಳ್ಳಿಯೆಂದು ಯಮುನಾಬಾಯಿ ಒಂದನ್ನೂ ಕೀಳಲಿಲ್ಲ. ಎಳೆಗಾಯಿಗಳು ಕಣ್ಣೆದುರೇ ಬಲಿತು ನಾರಾಗತೊಡಗಿದವು. ಹೋಗಿ "ತಗೊಳ್ಳಿ" ಎಂದರೆ ಮುಗಿಯಿತು. ಆದರೆ ಗಂಡ ಹೋದ ಮೇಲೆ ನಾನು ಯಾರ ಮನೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ನನ್ನನ್ನು ನಾನೇ ಕಟ್ಟಿಕೊಂಡದ್ದು.

"ಅವ್ವಾ, ಹೋಗಿ ಹೇಳಬಾರದೇನು? ಆಕೀ ಏನ್ ಹುಲಿಯೇನ?" ಎಂದ ನಿಮ್ಮಪ್ಪ.

"ಹುಲಿ ಆಗಿದ್ರ ಚಲೋ ಇತ್ತು. ಹುಲೀ ಮುಂದ ಮರಾಠಿ ಮಾತಾಡಬೇಕಾಗಿಲ್ಲ."

ಕೊನೆಗೊಂದು ಮಧ್ಯಾಹ್ನ ಹೊರಟೆ. ತೆಗೆದುಕೊಳ್ಳಿ ಎನ್ನುವುದಕ್ಕೆ ಮರಾಠಿಯಲ್ಲಿ "ಘ್ಯಾ" ಎಂದರೆ ಸಾಕು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ. ಬಾಗಿಲಲ್ಲಿ ನಿಂತು ಬಳ್ಳಿಯತ್ತ ಕೈ ತೋರಿ, "ಘ್ಯಾ" ಎಂದೆ.

"ಅಹೋ ಆಜೀ, ಆಧೀ ಬಸಾ ತರಿ," ಮೊದಲು ಕೂತುಕೊಳ್ಳಿ ಎಂದು ಆಕೆ ಮಣೆ ಹಾಕಿದಳು. ಆಮೇಲೆ, ನಾನು ದಿನಾ ಬಳ್ಳಿ ಕಟ್ಟುವುದನ್ನು ಮುಖ ಗಂಟಿಕ್ಕಿ ಅಭಿನಯಿಸಿ ತೋರಿಸಿದಳು. ಇಬ್ಬರೂ ನಕ್ಕೆವು, ನಗುವಿಗೆ ಮರಾಠಿ ಬೇಕಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಿಮ್ಮಪ್ಪ ಗೋಡೆಯ ಮೇಲಿಂದ ಇಣುಕಿದ. "ಅವ್ವಾ, ಇನ್ನೂ ಅಲ್ಲೇನ್ ಮಾಡ್ಲಿಕ್ಕತ್ತೀ?"

"ಬಳ್ಳಿ ಕರೀಲಿಕ್ಕೆ ಬಂದೀನಿ."

"ಬಳ್ಳಿ ಇರ್ಲಿ, ನೀ ಬಾ."

ಮನುಕುಲದ ಗತಿ ಏನಾಗುವುದೋ ಬಲ್ಲವರು ಹೇಳಲಿ. ಬಿಸಿಲು ಹುಡುಕುವುದರಲ್ಲಿ ಮನುಷ್ಯರು ಬಳ್ಳಿಗಿಂತ ಭಾಳ ನಿಧಾನ ಎನ್ನುವುದನ್ನು ಮಾತ್ರ ನಾನು ಬಲ್ಲೆ. ಅಂದು ಯಮುನಾಬಾಯಿ ಕೊಟ್ಟ ಬಲಿತ ಕಾಯಿಯ ಬೀಜದ ಡಬ್ಬಿಯಲ್ಲೇ ಈ ಹಾಳೆಗಳನ್ನಿಟ್ಟಿದ್ದೇನೆ. ದಾರದಿಂದ ಬಿಗಿಯಾಗಿ ಕಟ್ಟಿದ್ದೇನೆ. ಆ ಚಟ ಇನ್ನೂ ಹೋಗಿಲ್ಲ. ಬಿಚ್ಚಿ ಓದಿ, ಮತ್ತೆ ಜೋಪಾನವಾಗಿಡಿ.