ಮಾತು ಬಿಟ್ಟವರ ಮನೆಯಲ್ಲಿ ಭಾಷಾಭ್ಯಾಸ

ನಮ್ಮ ಲಿಫ್ಟ್ ಮೆಕ್ಯಾನಿಕ್ ಆ ಪರದೇಶದ ಮನೆಯಲ್ಲಿ ಮೊದಲ ದಿನ ಊಟಕ್ಕೆ ಕೂತಾಗ, ಊಟದ ಜೊತೆಗೆ ಒಂದು ತಪ್ಪು ತಿಳಿವಳಿಕೆಯನ್ನೂ ಹೊಟ್ಟೆ ತುಂಬಾ ಉಂಡು ಎದ್ದ.

ಮೇಜಿನ ಒಂದು ತುದಿಯಲ್ಲಿ ಮನೆಯ ಯಜಮಾನರು, ಸಿಟಿ ಬಸ್ಸಿನ ಡ್ರೈವರ್. ಇನ್ನೊಂದು ತುದಿಯಲ್ಲಿ ಯಜಮಾನ್ತಿ, ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡವರು. ನಡುವೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ, ಇವನು. ಯಜಮಾನ್ತಿ ಇವನತ್ತ ತಿರುಗಿ, ಒಂದೊಂದೇ ಪದ ಬಿಡಿಸಿ ಬಿಡಿಸಿ, "ಅವರಿಗೆ ಹೇಳು, ಸೂಪು ಆರಿ ಹೋಗ್ತಿದೆ ಅಂತ" ಎಂದರು. ಆ "ಅವರು" ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಕೂತಿದ್ದರು. ಕಿವಿಗಳೂ ಇದ್ದವು, ಸಾಕಷ್ಟು ಅಗಲವಾಗಿಯೇ ಇದ್ದವು! ಆದರೂ ಇವನು ವಿಧೇಯ ವಿದ್ಯಾರ್ಥಿಯಂತೆ ಆ ಕಡೆ ತಿರುಗಿ, "ಸೂಪು ಆರಿ ಹೋಗ್ತಿದೆಯಂತೆ" ಎಂದು ಒಪ್ಪಿಸಿದ. ಯಜಮಾನರು ಚಮಚ ಕೆಳಗಿಟ್ಟು, ಇನ್ನೂ ನಿಧಾನವಾಗಿ, "ಅವಳಿಗೆ ಹೇಳು, ಸೂಪಿಗೇ ಇಲ್ಲದ ಅವಸರ ಅವಳಿಗ್ಯಾಕೆ ಅಂತ" ಎಂದರು.

ಆಹಾ! ಎಂಥ ಪಾಠಕ್ರಮ! ಕೇಳು, ತಿರುಗು, ಹೇಳು! ಹಗಲೆಲ್ಲ ದುಡಿದು ಬಂದ ಗಂಡ ಹೆಂಡತಿ, ಎಲ್ಲಿಂದಲೋ ಬಂದ ಒಬ್ಬ ಬಡಪಾಯಿಗೆ ಮಾತು ಕಲಿಸಲೆಂದು ತಮ್ಮ ತಮ್ಮಲ್ಲಿ ಆಡುವ ಮಾತನ್ನೂ ತ್ಯಾಗ ಮಾಡಿದ್ದಾರೆ! ಇವನ ಕಣ್ಣು ಒದ್ದೆಯಾಯಿತು. ಸೂಪಿನ ಹಬೆ ಕಾರಣವಲ್ಲ. ಅದು ಆಗಲೇ ಆರಿತ್ತು.

ಇವನು ಅಲ್ಲಿಗೆ ಬಂದದ್ದೇ ಭಾಷೆ ಕಲಿಯಲು. ಲಿಫ್ಟ್ ಕಂಪನಿಯವರು ಹೊಸ ಮಾದರಿಯ ಲಿಫ್ಟುಗಳ ತರಬೇತಿಗೆಂದು ಇವನನ್ನು ಆರಿಸಿ ಕಳಿಸಿದ್ದರು. ಕಂಪನಿಯೇ ಗೊತ್ತು ಮಾಡಿದ ಈ ಮನೆಯಲ್ಲಿ ಊಟ, ವಸತಿ. ಮೊದಲು ಭಾಷಾ ಶಾಲೆ, ಆಮೇಲೆ ಬಾಯಿಮಾತಿನ ಪರೀಕ್ಷೆ. ಪಾಸಾದರೆ ತರಬೇತಿ, ಬಡ್ತಿ. ಫೇಲಾದರೆ ಮೊದಲ ವಿಮಾನಕ್ಕೆ ವಾಪಸ್, ಆ ಜಾಗಕ್ಕೆ ಸ್ಟೋರ್ಸಿನ ಕುಳ್ಳ! ಹೊರಡುವ ಮುನ್ನ ಕ್ಯಾಂಟೀನಿನಲ್ಲಿ ಚಹಾದ ಲೋಟ ಎತ್ತಿ ಹಿಡಿದು, ಕುಳ್ಳನ ಎದುರಿಗೇ ಇವನು ಘರ್ಜಿಸಿದ್ದ: "ನೋಡ್ತಾ ಇರ್ರೋ! ಆ ಭಾಷೆಯವರಿಗೇ ಆ ಭಾಷೆ ಕಲಿಸಿ ಬರ್ತೀನಿ!"

ಹೀಗೆ ಘರ್ಜಿಸಿ ಬಂದವನಿಗೆ ಇಂಥ ಮನೆ ಸಿಕ್ಕಿದರೆ ಕೇಳಬೇಕೆ? ಸಂಭ್ರಮ ತಡೆಯಲಾರದೆ ಅಮ್ಮನಿಗೆ ಫೋನು ಹಚ್ಚಿದ.

"ಅಮ್ಮಾ, ಇವರು ನನಗೋಸ್ಕರ ಎಷ್ಟು ಕಷ್ಟಪಡ್ತಿದ್ದಾರೆ ಗೊತ್ತಾ? ಗಂಡ ಹೆಂಡ್ತಿ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಲ್ಲ. ಎಲ್ಲಾ ನನ್ನ ಕೈಲೇ ಹೇಳಿಸ್ತಾರೆ!"

ಆ ಕಡೆಯಿಂದ ಫೋನು ಒಡೆದು ಹೋಗುವಂಥ ನಗು.

"ಅಯ್ಯೋ ಪೆದ್ದು ಮುಂಡೇದೇ! ಅವರು ಮಾತು ಬಿಟ್ಟಿದ್ದಾರೆ ಕಣೋ!"

"ಇಲ್ಲಮ್ಮಾ, ಇದು ಪಾಠ ಹೇಳೋ ಒಂದು ವಿಧಾನ..."

"ವಿಧಾನವಂತೆ ವಿಧಾನ! ನಿಂಗೆ ಮಾತು ಬಂದಿದ್ದೂ ಇದೇ ವಿಧಾನದಲ್ಲೇ. 'ನಿಮ್ಮಪ್ಪಂಗೆ ಹೇಳು, ಅಕ್ಕಿ ಮುಗಿದಿದೆ ಅಂತ.' ನೀನು ಆಡಿದ ಮೊದಲನೇ ಪೂರ್ತಿ ವಾಕ್ಯ ಅದು!"

ಅಮ್ಮ ಹೇಳಿದ್ದು ನಿಜವೇ ಆಗಿತ್ತು. ಮರುದಿನ ಯಜಮಾನ್ತಿ ಸೂಜಿಗೆ ದಾರ ಪೋಣಿಸಲು ಇವನನ್ನು ಕರೆದಾಗ, ಇವನು ಹರುಕುಮುರುಕು ಮಾತಿನಲ್ಲಿ, ಮಾತು ಬಿಟ್ಟದ್ದು ಯಾಕೆಂದು ಕೇಳಿದ. ಅವರು ಸಿಡಿದೇಬಿಟ್ಟರು.

"ಬಟ್ಟೆ ಗಂಟು ಹೊತ್ಕೊಂಡು ರಸ್ತೇಲಿ ನಿಂತಿದ್ದೆ, ಮರಿ. ಇವರದೇ ಬಸ್ಸು ಬಂತು. ಕೈ ಅಡ್ಡ ಹಾಕಿದೆ. ನನ್ನ ಮುಖ ನೋಡ್ಕೊಂಡೇ ಮುಂದೆ ಹೊರಟುಹೋದ್ರು!"

ಯಜಮಾನರ ವಾದ ಬೇರೆ. "ಸ್ಟಾಪು ಇದ್ದಿದ್ದು ಮುಂದೆ. ಇವಳು ನಿಂತಲ್ಲೆಲ್ಲ ನಿಲ್ಸೋಕೆ ಅದೇನು ನಮ್ಮ ಮಾವನ ಬಸ್ಸಾ?"

ಅಂದಿನಿಂದ ಯಜಮಾನರು ತಮ್ಮ ರೇಡಿಯೋ ಸಮೇತ ಮಹಡಿಗೆ ಏರಿದ್ದರು. ಯಜಮಾನ್ತಿ ಕೆಳಗೆ, ಮಷೀನಿನ ಕೋಣೆಯಲ್ಲಿ. ಮೇಲಕ್ಕೂ ಕೆಳಕ್ಕೂ ಮಾತು ಸಾಗಿಸುವ ಕೆಲಸ ಇವನದು. ಹುಟ್ಟೂರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದವನು ಇಲ್ಲಿ ತಾನೇ ಲಿಫ್ಟಾಗಿದ್ದ!

ಬೇರೆ ಯಾರಾದರೂ ಸಜ್ಜನನಾಗಿದ್ದರೆ ರಾಜಿ ಮಾಡಿಸಲು ಹೊರಡುತ್ತಿದ್ದ. ನಮ್ಮವನು ಹಾಸಿಗೆಯ ಮೇಲೆ ಬಿದ್ದುಕೊಂಡು ಸೂರು ನೋಡುತ್ತಾ ಲೆಕ್ಕ ಹಾಕಿದ. ಜಗಳ ಇದ್ದರೆ ಬೆಳಗಿನಿಂದ ಮಲಗುವತನಕ ಬಾಯಿಗೆ ಕೆಲಸ. ರಾಜಿಯಾದರೆ ಸಿಗುವುದು "ಉಪ್ಪು ಕೊಡು", "ಬಾಗಿಲು ಹಾಕು", ಅಷ್ಟೇ! ಉಪ್ಪು ಕೇಳಲು ಮಾತ್ರ ಬರುವವನನ್ನು ಯಾವ ಪರೀಕ್ಷಕರು ಪಾಸು ಮಾಡುತ್ತಾರೆ? ಎದ್ದು ಕೂತು ಪ್ರತಿಜ್ಞೆ ಮಾಡಿದ: ಪರೀಕ್ಷೆ ಮುಗಿಯುವವರೆಗೆ ಈ ಮನೆಯಲ್ಲಿ ಶಾಂತಿಗೆ ಜಾಗವಿಲ್ಲ!

ಆದರೆ ಆ ಜಗಳಕ್ಕೋ, ಇವನ ಭವಿಷ್ಯದ ಬಗ್ಗೆ ಎಳ್ಳಷ್ಟೂ ಕಾಳಜಿ ಇರಲಿಲ್ಲ. ದಿನ ಕಳೆದಂತೆ ಸೊರಗತೊಡಗಿತು. "ಅವರಿಗೆ ಹೇಳು, ಅಂಗಿ ಗುಂಡಿ ಹಾಕಿಟ್ಟಿದೀನಿ ಅಂತ" ಎಂಬುದು "ಅಂಗಿ" ಎಂದಾಯಿತು. "ಅಂಗಿ" ಎಂಬುದು ಗದ್ದ ಅಲ್ಲಾಡಿಸುವುದಕ್ಕೆ ಇಳಿಯಿತು. ಗದ್ದವನ್ನು ಇವನು ಹೇಗೆ ತಾನೇ ಮಹಡಿಗೆ ಸಾಗಿಸುವುದು? ಪರೀಕ್ಷೆ ಬೇರೆ ಹತ್ತಿರ ಬರುತ್ತಿತ್ತು.

ಆಗ ಇವನೇ ಸ್ವಂತ ತಯಾರಿಕೆಗೆ ಇಳಿದ!

ಬೈಗುಳ ಕಟ್ಟಲು ಪದ ಬೇಕಲ್ಲ? ಇವನ ಬಳಿ ಇದ್ದದ್ದು ಶಾಲೆಯಲ್ಲಿ ಆ ವಾರ ಕಲಿಸಿದ್ದು ಮಾತ್ರ. ಆ ವಾರದ ಪಾಠ, ರೈಲು ನಿಲ್ದಾಣ. ಸರಿ, ಮಹಡಿ ಏರಿ, ಎದೆಯುಬ್ಬಿಸಿ, ಘೋಷಿಸಿದ:

"ಯಜಮಾನ್ರೇ, ಅಮ್ಮಾವ್ರು ಹೇಳ್ತಾರೆ, ನಿಮ್ಮ ಮುಖ ತಡವಾಗಿ ಬರುವ ರೈಲಂತೆ. ಪ್ಲಾಟ್‌ಫಾರಮ್ಮೂ ನಿಮ್ಮನ್ನು ಬೇಡ ಅನ್ನುತ್ತದಂತೆ!"

ಯಜಮಾನರು ರೇಡಿಯೋ ಆರಿಸಿದರು.

"ಹಾಗಂದ್ಲಾ?"

"ಅಕ್ಷರಶಃ!"

"ಯಾರು, ಇವಳಾ?"

ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಾ ನಿಂತರು. ನಮ್ಮವನು ಅದನ್ನು ಮಾತಿನ ಪೆಟ್ಟೆಂದೇ ತಿಳಿದ. ಒಳ್ಳೆಯ ಸಾಹಿತ್ಯ ಕೂಡಲೇ ಒಳಗಿಳಿಯುವುದಿಲ್ಲ!

ಮುಂದಿನ ವಾರ ತರಕಾರಿ ಮಾರುಕಟ್ಟೆ. ಕೆಳಗಿಳಿದು ಯಜಮಾನ್ತಿಗೆ ಒಪ್ಪಿಸಿದ: "ನಿಮಗಿಂತ ಕುಂಬಳಕಾಯಿ ತೂಕವಾಗಿ ಮಾತಾಡುತ್ತದಂತೆ, ಅದೂ ಚೌಕಾಸಿ ಇಲ್ಲದೆ!" ಮಷೀನು ಗಕ್ಕನೆ ನಿಂತಿತು.

"ಇನ್ನೊಂದ್ಸಲ ಹೇಳು."

ಹೇಳಿದ.

"ಇನ್ನೂ ಒಂದ್ಸಲ."

ಆಹಾ, ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಾರೆ! ಇವನು ಕೊನೆಯ ಸಲ ರಾಗ ಬೆರೆಸಿಯೇ ಹೇಳಿದ. ಅದರ ಮುಂದಿನ ವಾರ ಆಸ್ಪತ್ರೆಯ ಪಾಠ ಬಂತು. ಯಜಮಾನರು ತಮ್ಮ ನಾಲಿಗೆಯನ್ನು ಊಟಕ್ಕೆ ಮುಂಚೆ ಒಂದು, ಊಟದ ನಂತರ ಒಂದು ತೆಗೆದುಕೊಳ್ಳತಕ್ಕದ್ದು ಎಂದಾಯಿತು.

ಬೆಂಕಿ ಹತ್ತಿಕೊಂಡಿತು. ಯಜಮಾನ್ತಿ ಗಂಡನ ಯೂನಿಫಾರಂ ಪ್ಯಾಂಟಿನ ಜೇಬುಗಳಿಗೆ ಅಡ್ಡ ಹೊಲಿಗೆ ಹಾಕಿಬಿಟ್ಟರು, ಅದೂ ಬಸ್ಸಿನ ಕೀ ಒಳಗಿರುವಾಗಲೇ! ಡಿಪೋದಲ್ಲಿ ಯಜಮಾನರು ತಮ್ಮ ಜೇಬಿನ ಜೊತೆ ತಾವೇ ಕುಸ್ತಿ ಆಡಿದರು. ಬಸ್ಸಿನ ತುಂಬ ಜನ ಕೂತು ನೋಡಿದರು. ಕೊನೆಗೆ ಯಾರೋ ಕತ್ತರಿ ತಂದು ಕೀಯನ್ನು ಬಂಧಮುಕ್ತಗೊಳಿಸಿದರಂತೆ. ಮರುದಿನ ಹೊಲಿಗೆ ಮಷೀನಿನ ಬೆಲ್ಟು ಮಾಯ! ಮದುಮಗಳೊಬ್ಬಳ ಉಡುಪು ಒಂದೇ ತೋಳು ಹಚ್ಚಿಕೊಂಡು ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು.

ಇವನ ಬಾಯಿಗೆ ಹಬ್ಬ. ಆದರೆ ಪರೀಕ್ಷೆಯ ಹಿಂದಿನ ವಾರ ಶಾಲೆಯಿಂದ ಬಂದು ಬಾಗಿಲು ತೆಗೆದವನು ಅಲ್ಲೇ ಕಲ್ಲಾದ. ಮಷೀನಿನ ಕೋಣೆಯಿಂದ ಎರಡು ದನಿಗಳು ಕೇಳುತ್ತಿದ್ದವು. ಎರಡು! ನಡುವೆ ಇವನಿಲ್ಲದೆ!

ಓಡಿ ಹೋಗಿ ನೋಡಿದರೆ ಯಜಮಾನರು ಕೈಯಲ್ಲಿ ಬೆಲ್ಟು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಾರೆ.

"ನಂಗೆ ರೈಲು ಅಂದ್ಯಂತಲ್ಲ!"

"ರೈಲಾ? ಯಾವ ರೈಲು? ನೀವು ನಂಗೆ ಕುಂಬಳಕಾಯಿ ಅಂದಿದ್ದೇನು ಕಮ್ಮಿನಾ?"

"ಕುಂಬಳಕಾಯಿ? ನಾನ್ಯಾಕೆ ಕುಂಬಳಕಾಯಿ ಸುದ್ದಿಗೆ ಹೋಗ್ಲಿ?"

ನಾಲ್ಕೂ ಕಣ್ಣುಗಳು ಒಟ್ಟಿಗೆ ಬಾಗಿಲತ್ತ ತಿರುಗಿದವು.

"ಮರೀ..." ಎಂದರು ಯಜಮಾನ್ತಿ. ಆ ಕರೆಯಲ್ಲಿ ಮರಿಯ ಮೇಲಿನ ಮಮತೆ ಕಿಂಚಿತ್ತೂ ಇರಲಿಲ್ಲ.

ಕಾಲಿಗೆ ಬೀಳುತ್ತಾನೆ ಎಂದುಕೊಂಡಿರಾ? ನಮ್ಮವನು ಸೊಂಟದ ಮೇಲೆ ಕೈಯಿಟ್ಟ! "ಹೌದು, ನಾನೇ ಹೇಳಿದ್ದು! ಇನ್ನೇನು ಮಾಡ್ಬೇಕಿತ್ತು? ನಮ್ಮ ಕಂಪನಿಯವರು ನನ್ನ ಇಲ್ಲಿ ಬಿಟ್ಟಿರೋದು ಊಟಕ್ಕೂ ಹೌದು, ಮಾತಿಗೂ ಹೌದು. ಊಟ ಬಂತು, ಮಾತೆಲ್ಲಿ? ನೀವಿಬ್ರೂ ಗದ್ದ ಅಲ್ಲಾಡಿಸ್ತಾ ಕೂತ್ರೆ ನಾನು ಪರೀಕ್ಷೇಲಿ ಗದ್ದ ಅಲ್ಲಾಡಿಸಿ ಬರ್ಲಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ಇವನ ಗ್ರಹಚಾರ! ಇಷ್ಟು ದಿನ ಕಟ್ಟಿ ಹಾಕಿದ್ದ ಮಾತೆಲ್ಲ ಅಣೆಕಟ್ಟು ಒಡೆದ ಹಾಗೆ ಹರಿಯಿತು. ಬಸ್ಸು, ಸ್ಟಾಪು, ಬಟ್ಟೆ ಗಂಟು, ಜೇಬು, ಬೆಲ್ಟು! ಅವರು ಜಗಳವಾಡುವ ವೇಗಕ್ಕೆ ಇವನ ಕಿವಿ ಏದುಸಿರು ಬಿಟ್ಟಿತು. ರೇಡಿಯೋ ಕೆಳಗಿಳಿದು ಬಂತು. ಉಪ್ಪಿನ ಡಬ್ಬಿ ಇವನ ಮೂಗಿನ ಕೆಳಗಿನಿಂದಲೇ ನೇರವಾಗಿ ಆ ಕೈಯಿಂದ ಈ ಕೈಗೆ ದಾಟತೊಡಗಿತು. ಇವನನ್ನು ಕೇಳುವವರೇ ಇಲ್ಲ. ಕಣ್ಣು ಮುಚ್ಚಿದರೆ ಸ್ಟೋರ್ಸಿನ ಕುಳ್ಳ ಸೂಟ್‌ಕೇಸಿಗೆ ಅಂಗಿ ತುಂಬಿಕೊಳ್ಳುವುದು ಕಾಣುತ್ತಿತ್ತು.

ಪರೀಕ್ಷೆಯ ದಿನ ಬಂತು. ಕನ್ನಡಕದ ಪರೀಕ್ಷಕಿ ಕುರ್ಚಿ ತೋರಿಸಿ, "ನಿಮ್ಮ ಪರಿಚಯ ಹೇಳಿ" ಎಂದರು.

ತಿಂಗಳುಗಟ್ಟಲೆ ಬರೀ ಊರವರ ಮಾತನ್ನು ಹೊತ್ತ ನಾಲಿಗೆ. ಸ್ವಂತ ಮಾತು ಅದಕ್ಕೆ ಬಂದರಲ್ಲವೇ?

"ನಾನು ಲಿಫ್ಟ್ ಮೆಕ್ಯಾನಿಕ್ ಅಂತೆ. ಮದುವೆ ಆಗಿಲ್ಲವಂತೆ."

"ಅಂತೆ ಅಂದರೆ? ನಿಮಗೇ ಖಚಿತವಿಲ್ಲವೇ?"

"ಖಚಿತವಂತೆ."

ಪರೀಕ್ಷಕಿ ಏನೋ ಗೀಚಿದರು. ಬರೆದದ್ದಕ್ಕಿಂತ ಹೊಡೆದು ಹಾಕಿದ್ದೇ ಹೆಚ್ಚು ಎಂದು ಇವನಿಗೆ ತೋರಿತು. ಆಮೇಲೆ ನಿಟ್ಟುಸಿರಿಟ್ಟು ಕೊನೆಯ ಪ್ರಶ್ನೆ ಕೊಟ್ಟರು: "ನಾನು ಅಂಗಡಿಯವಳು. ನೀವು ಕೊಂಡ ಕೊಡೆ ಹರಿದಿದೆ. ನಾನು ವಾಪಸ್ ತಗೊಳ್ಳುವುದಿಲ್ಲ. ಮಾತಾಡಿ."

ಜಗಳ!

ನಮ್ಮವನು ಕುರ್ಚಿ ಬಿಟ್ಟು ಎದ್ದ. ಹರಿದ ಕೊಡೆಯ ಪರವಾಗಿ ಆ ಕೋಣೆಯಲ್ಲಿ ಒಂದು ಯುದ್ಧವೇ ನಡೆಯಿತು. ತಡವಾಗಿ ಬರುವ ರೈಲು ಬಂತು. ಅದರ ಹಿಂದೆಯೇ ಕುಂಬಳಕಾಯಿ ಉರುಳಿ ಬಂತು. ಅಂಗಡಿಯವರ ನ್ಯಾಯವನ್ನು ಊಟಕ್ಕೆ ಮುಂಚೆ ಒಂದು, ಊಟದ ನಂತರ ಒಂದು ನುಂಗಿಸಲಾಯಿತು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ಇಣುಕಿದರು.

"ಸಾಕು, ಸಾಕು! ತಗೊಳ್ಳಿ ನಿಮ್ಮ ಹಣ!" ಎಂದು ಪರೀಕ್ಷಕಿ ಕೈಚೀಲಕ್ಕೇ ಕೈ ಹಾಕಿದರು. ಹಾಕಿದ ಮೇಲೆ ಇದು ಪರೀಕ್ಷೆಯೆಂದು ಅವರಿಗೇ ನೆನಪಾಗಿ ಕನ್ನಡಕ ಒರೆಸಿಕೊಂಡರು.

ಪಾಸು! ಅಂಚಿನಲ್ಲಿ ಜೋತುಬಿದ್ದ ಪಾಸು, ಆದರೂ ಪಾಸು! "ಪರಿಚಯ ಹೇಳೋದು ಕಲ್ತ್ಕೊಳ್ಳಿ. ಜಗಳಕ್ಕೆ ಮಾತ್ರ ನಿಮಗೆ ಯಾರೂ ಏನೂ ಕಲಿಸಬೇಕಾಗಿಲ್ಲ" ಎಂದು ಹೇಳಿ ಕಳಿಸಿದರು.

ಇವನು ರಸ್ತೆಯುದ್ದಕ್ಕೂ ನೆಲ ಮುಟ್ಟದೆ ಮನೆಗೆ ಬಂದ. ಯಜಮಾನರು ಸುತ್ತಿದ ದಾರದ ಉಂಡೆ ಹಿಡಿದು ಕೂತಿದ್ದರು, ಯಜಮಾನ್ತಿ ಅವರು ಹಿಡಿದ ರೀತಿಗೆ ನೇರವಾಗಿ, ಧಾರಾಳವಾಗಿ ಬೈಯುತ್ತಿದ್ದರು. ಸುದ್ದಿ ಕೇಳಿ ಇಬ್ಬರೂ ಬೆನ್ನು ತಟ್ಟಿದರು. ಆ ತಟ್ಟುವಿಕೆ ಇವನ ತಲೆಗೇರಿತು. ತಾನು ಬರೀ ಪರೀಕ್ಷೆ ಗೆದ್ದವನಲ್ಲ, ಮುರಿದ ಸಂಸಾರ ಕಟ್ಟಿದವನೂ ಹೌದಲ್ಲವೇ? ಅದನ್ನು ಅವರ ಬಾಯಿಂದಲೇ ಕೇಳುವ ಆಸೆಯಾಯಿತು. ಗಂಟಲು ಸರಿಮಾಡಿಕೊಂಡ.

"ಯಜಮಾನ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಅಷ್ಟು ದಿನ ಬಿಗ್ಕೊಂಡಿದ್ದ ನೀವು ಮಹಡಿ ಇಳಿದು ಬಂದು ಇವರನ್ನ ಮಾತಾಡಿಸಿದ್ದು ನನ್ನಿಂದ ತಾನೇ? ಆ ರೈಲು, ಆ ನಾಲಿಗೆ... ನಾನು ಕಟ್ಟಿದ ಮಾತಿನ ಸೊಗಸಿಗೆ ಮನಸೋತು?"

ಯಜಮಾನರು ದಾರದ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ನಿನ್ನಿಂದಾನೇ, ಮರಿ," ಎಂದರು. "ಬೈಸ್ಕೊಳ್ಳೋದೇ ಆದ್ರೆ ಅರ್ಥ ಆಗೋ ಹಾಗೆ ಬೈಸ್ಕೊಳ್ಳೋಣ ಅಂತ ಇಳಿದು ಬಂದೆ."