ಭಾವಮೈದನ ಮೂಗು ಮತ್ತು ನನ್ನ ಗೆಲುವು

ನನ್ನ ಭಾವಮೈದ ಎದುರಿಗೆ ಬಂದರೆ ಮೊದಲು ಕೈಗಳನ್ನು ಜೇಬಿಗೆ ಹಾಕಿಕೊಳ್ಳಿ. ಜೇಬಿನಲ್ಲಿ ಕರ್ಚೀಫಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಸಾಧ್ಯವಾದರೆ ಉಸಿರನ್ನೂ! ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ನೀವು ಬೆಳಿಗ್ಗೆ ಏನು ತಿಂದಿರಿ, ಯಾರ ಮೇಲೆ ರೇಗಿದಿರಿ ಎಂದು ಅವನು ಹೇಳಿಬಿಟ್ಟರೆ ನನ್ನನ್ನು ದೂರಬೇಡಿ.

ಅವನು ನನ್ನ ಹೆಂಡತಿಯ ತಮ್ಮ. ಹೊಳೆನರಸೀಪುರದಲ್ಲಿ ಸೀರೆ ಅಂಗಡಿ ಇಟ್ಟಿದ್ದಾನೆ. ಬಿಡುವಾದಾಗ ಸಭೆ ಸಮಾರಂಭಗಳಲ್ಲಿ ಜನರ ಮನಸ್ಸು ಓದುತ್ತಾನೆ. ಮಂತ್ರವಿಲ್ಲ, ತಾಯತವಿಲ್ಲ. ಈ ವಿದ್ಯೆ ಅಂಗಡಿಯಲ್ಲೇ ಬಂತಂತೆ. "ಬಾಯಿ ಹಸಿರು ಸೀರೆ ಕೇಳ್ತದೆ ಭಾವ, ಬೆರಳು ನೇರಳೆ ಸೀರೆ ಅಂಚು ಬಿಡಾಕಿಲ್ಲ. ನಾನು ಬೆರಳಿನ ಮಾತು ಕೇಳ್ತೀನಿ, ಅಷ್ಟೇಯ. ಕಣ್ಣು, ಕಿವಿ, ಮೂಗು ದೇವರು ನಿಮಗೂ ಕೊಟ್ಟವ್ನೆ. ನೀವು ಬೀಗ ಹಾಕಿ ಮಡಗಿದ್ದೀರಿ!"

ನಾನು ಹಾಸನದಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನನಗೆ ಬೀಗ ಇಷ್ಟ. ಏಳುವುದು, ನಡೆಯುವುದು, ಉಣ್ಣುವುದು ಎಲ್ಲವೂ ಸೀಟಿ ಊದಿದ ಹಾಗೆ ನಡೆಯಬೇಕು. ಇಂಥ ಶಿಸ್ತಿನ ಮನುಷ್ಯನ ಮನಸ್ಸನ್ನು ಓದುವುದು ಸುಲಭವೇ ಎಂದು ಒಮ್ಮೆ ಕೇಳಿದೆ. "ನಿಮಗೆ ವಿದ್ಯೆ ಯಾಕೆ ಭಾವ? ಗೋಡೆ ಗಡಿಯಾರ ನೋಡಿದ್ರೆ ಸಾಕು" ಅಂದುಬಿಟ್ಟ!

ನನ್ನವಳು ಬದುಕಿದ್ದಾಗಿನ ಮಾತು. ಡಾಕ್ಟರು ನನಗೆ ಕರಿದ ತಿಂಡಿ ನಿಷೇಧಿಸಿದ್ದರು. ಅವಳು ಮೊದಲೇ ತವರಿಗೆ ಹೋಗಿದ್ದಳು, ನಾನು ಹಿಂದಿನಿಂದ ಒಬ್ಬನೇ ಹೊರಟೆ. ಒಬ್ಬನೇ ಎಂದರೆ ಗೊತ್ತಲ್ಲ? ಹಾಸನದ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಹೋಟೆಲು! ಹೊಳೆನರಸೀಪುರದ ಬಾಗಿಲಲ್ಲಿ ಭಾವಮೈದ "ಬನ್ನಿ ಭಾವ, ಬನ್ನಿ" ಎಂದು ಎರಡೂ ಕೈ ಹಿಡಿದುಕೊಂಡ. ಎಂಥ ಪ್ರೀತಿ ಅಂದುಕೊಂಡೆ.

"ಅಕ್ಕಾ, ಭಾವ ಉದ್ದಿನ ವಡೆ ತಿಂದವ್ರೆ. ಚಟ್ನಿ ಎರಡನೇ ಸಲಾನೂ ಹಾಕ್ಸ್ಕಂಡವ್ರೆ."

"ಸುಳ್ಳು! ಸೋಪು ಹಾಕಿ ಕೈ ತೊಳೆದಿದ್ದೇನೆ ಕಣಯ್ಯಾ!"

"ಕೈ ತೊಳೆದಿದ್ದೀರಿ ಭಾವ. ಕರ್ಚೀಫು ತೊಳೆದಿಲ್ಲ."

ವಾಪಸು ಬರುವಾಗ ನನ್ನವಳು ನನ್ನೊಂದಿಗೆ ಮಾತಾಡಲಿಲ್ಲ. ಆದರೆ ಬಸ್ಸು ಹೊರಟ ಕೂಡಲೇ ಸೊಂಟದಿಂದ ಪುಟ್ಟ ಹಿತ್ತಾಳೆ ಡಬ್ಬಿ ತೆಗೆದು ಒಂದು ಏಲಕ್ಕಿಯನ್ನು ನನ್ನ ಅಂಗೈಗೆ ಹಾಕಿದಳು. ಬಸ್ಸಿನಲ್ಲಿ ಹೊಟ್ಟೆ ತೊಳಸಬಾರದೆಂದು ಅದು ಅವಳ ಕ್ರಮ. ತಮ್ಮ ಜೊತೆಗಿದ್ದರೆ ಅವನಿಗೂ ಒಂದು. ಜಗಳವಿದ್ದರೂ ತಪ್ಪುತ್ತಿರಲಿಲ್ಲ. ನನಗಿಂತ ಶಿಸ್ತು!

ಅವನ ವಿದ್ಯೆಯನ್ನು ನಾನೂ ಕಲಿಯಲು ಹೋದದ್ದುಂಟು. ಅರಕಲಗೂಡಿನಲ್ಲಿ ನೆಂಟರ ಮನೆಯ ನಾಮಕರಣ. ಹೆಂಗಸರು ಸಾಲಾಗಿ ನಿಂತರು. ಅವನು ಬೆನ್ನು ತಿರುಗಿಸಿದ. ಒಬ್ಬರು ಉಂಗುರವನ್ನು ಮುಷ್ಟಿಯಲ್ಲಿ ಮುಚ್ಚಿ, ಹಣೆಗೆ ಒತ್ತಿ ಹಿಡಿದು, ಆಮೇಲೆ ಎಲ್ಲರಂತೆ ಕೈ ಮುಂದೆ ಚಾಚಿದರು. ಅವನು ತಿರುಗಿ ಆ ಕೈಯನ್ನೇ ಮುಟ್ಟಿದ. ಗುಟ್ಟು ಇಷ್ಟೇ: ಮೇಲೆತ್ತಿದ ಕೈಯಿಂದ ರಕ್ತ ಇಳಿದು ಅದು ಉಳಿದವಕ್ಕಿಂತ ಬಿಳಿಚಿಕೊಂಡಿರುತ್ತದೆ. ಇಷ್ಟೇನಾ! ಊಟಕ್ಕೆ ಮುಂಚೆ ನಾನೇ ಆಟ ಶುರುಮಾಡಿದೆ. ತಿರುಗಿ ನೋಡಿದೆ. ಒಂದು ಕೈ ಸುಣ್ಣದಷ್ಟು ಬೆಳ್ಳಗಿತ್ತು. ಗಬಕ್ಕನೆ ಹಿಡಿದೆ. ಮನೆಯೆಲ್ಲ ನಕ್ಕಿತು. ಅವರು ಅಡುಗೆಯವರು, ಅಕ್ಕಿ ಹಿಟ್ಟು ಕಲಸುತ್ತಿದ್ದವರು ತಮಾಷೆ ನೋಡಲು ಬಂದು ಸಾಲಿನಲ್ಲಿ ನಿಂತಿದ್ದರು.

"ಇನ್ನೊಂದು ಗಳಿಗೆ ತಡೆದಿದ್ರೆ ಭಾವ ರೊಟ್ಟಿನೇ ಹಿಡ್ಕಂಡಿರೋರು!" ಅಂದ ಭಾವಮೈದ.

ಅವತ್ತೇ ತೀರ್ಮಾನಿಸಿದೆ, ಇವನನ್ನು ಒಂದು ಸಲವಾದರೂ ಹತ್ತು ಜನರೆದುರು ಸೋಲಿಸಬೇಕು. ಅವನೋ, ಪ್ರತಿ ಸಭೆಯಲ್ಲೂ "ಇದುವರೆಗೆ ಒಂದು ಸಲಾನೂ ಸೋತಿಲ್ಲ" ಎಂದೇ ಆಟ ಆರಂಭಿಸುವವನು.

ಸಮಯ ಒದಗಿದ್ದು ಕಳೆದ ವರ್ಷ, ಚನ್ನರಾಯಪಟ್ಟಣದಲ್ಲಿ. ನಿವೃತ್ತರ ಸಂಘದ ವಾರ್ಷಿಕೋತ್ಸವ. ತಮ್ಮೂರಿಗೂ ಇವನನ್ನು ಕರೆಸುವ ಯೋಚನೆಯಿಂದ ಅರಕಲಗೂಡಿನವರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆಟ ಹೀಗೆ: ಅವನು ಹೊರಗಿರುವಾಗ ಒಬ್ಬರು ತಮ್ಮದೊಂದು ವಸ್ತುವನ್ನು ಸಭಾಂಗಣದಲ್ಲಿ ಬಚ್ಚಿಡಬೇಕು. ಅವನು ಬಂದು ಅವರ ಮಣಿಕಟ್ಟು ಹಿಡಿದು ನಡೆಯುತ್ತಾನೆ. ಬಚ್ಚಿಟ್ಟ ಕಡೆಗೆ ಕೈ ತಾನಾಗಿ ಸಡಿಲವಾಗುತ್ತದೆ, ಬೇರೆ ಕಡೆಗೆ ಬಿಗಿಯುತ್ತದೆ. ವಸ್ತು ಸಿಕ್ಕಿದ ಮೇಲೆ ಅದನ್ನು ಎತ್ತಿ ಹಿಡಿದು, ಅದು ಯಾರದು, ಅದರ ಕತೆಯೇನು ಎಂದು ಮೈಕಿನಲ್ಲಿ ಹೇಳುವುದು ಅವನ ಪದ್ಧತಿ. ಜನ ಹುಚ್ಚೆದ್ದು ಚಪ್ಪಾಳೆ ಹೊಡೆಯುವುದು ಅದಕ್ಕೇ.

ನಾನೇ ಎದ್ದು ನಿಂತೆ. ನನ್ನ ಪೆನ್ನು, ವಾಚು, ಬೀಗದ ಕೈ ಎಲ್ಲ ಅವನಿಗೆ ಪರಿಚಿತ. ನನ್ನ ಹತ್ತಿರ ಇದೆಯೆಂದು ಅವನಿಗೆ ಗೊತ್ತಿಲ್ಲದ್ದು ಒಂದೇ ಇತ್ತು, ಒಳಜೇಬಿನ ಹಿತ್ತಾಳೆ ಡಬ್ಬಿ. ನನ್ನವಳು ಹೋದ ಮೇಲೆ ಅದು ಅಲ್ಲಿದೆ. ಖಾಲಿಯಾದರೆ ತುಂಬಿಸುತ್ತೇನೆ. ಯಾರಿಗೂ ಹೇಳಿಲ್ಲ. ಡ್ರಿಲ್ ಮೇಷ್ಟ್ರು ಇಂಥದ್ದನ್ನೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ? ಸನ್ಮಾನಕ್ಕೆ ತಂದಿದ್ದ ಸುಗಂಧರಾಜದ ಹಾರಗಳ ಬುಟ್ಟಿಯ ತಳಕ್ಕೆ ಅದನ್ನು ತೂರಿಸಿದೆ. ಇನ್ನು ಆ ಮೂಗು ಏನು ಮಾಡೀತು!

ಅವನು ಬಂದು ಮಣಿಕಟ್ಟು ಹಿಡಿದ. ನಾನು ಕವಾಯತಿಗೆ ನಿಂತವನಂತೆ ಬಿಗಿದುಕೊಂಡೆ. "ಸಡ್ಲ ಬುಡಿ ಭಾವ, ಧ್ವಜ ಹಾರಿಸ್ತಾ ಇಲ್ಲ" ಅಂದ. ಸಭೆ ನಕ್ಕಿತು. ಹಾಳಾದ ಕೈ! ನೆಟ್ಟಗೆ ಬುಟ್ಟಿಯ ಹತ್ತಿರಕ್ಕೇ ಅವನನ್ನು ಕರೆದುಕೊಂಡು ಹೋಯಿತು. ಅವನು ಹಾರಗಳೊಳಗೆ ಕೈ ಹಾಕಿದ. ಮೂಗು ಒಮ್ಮೆ ಅರಳಿತು. ಅವನ ಬೆರಳ ಕೆಳಗೆ ನನ್ನ ನಾಡಿ ಡೋಲಿನಂತೆ ಬಡಿಯುತ್ತಿತ್ತು. ಈಗ ಎತ್ತಿ ಹಿಡಿಯುತ್ತಾನೆ, ಈಗ ಮೈಕಿನಲ್ಲಿ ಹೇಳುತ್ತಾನೆ ಎಂಬುದು ಆಗಷ್ಟೇ ಹೊಳೆಯಿತು. ಎಲ್ಲ ಬಿಟ್ಟು ಇದನ್ನೇಕೆ ಬಚ್ಚಿಟ್ಟೆ, ದಡ್ಡ!

ಅವನು ಕೈ ಹೊರಗೆ ತೆಗೆದ. ಬರಿಗೈ. ನನ್ನನ್ನು ಎಳೆದುಕೊಂಡು ವೇದಿಕೆಯ ಆ ಬದಿಗೆ ನಡೆದು, ಕುರ್ಚಿಗೆ ಒರಗಿಸಿದ್ದ ಕಾರ್ಯದರ್ಶಿಯ ಕೊಡೆಯನ್ನು ಎತ್ತಿ ಹಿಡಿದ. "ಇದೇ!"

"ಅದು ನಂದು ಸಾ!" ಎಂದು ಕಾರ್ಯದರ್ಶಿ ಕೂಗಿದರು. ಸಭೆ ಹೊಟ್ಟೆ ಹಿಡಿದು ನಕ್ಕಿತು. "ಸೋತೆ" ಎಂದು ಅವನು ನನಗೆ ಕೈ ಮುಗಿದ. ಅರಕಲಗೂಡಿನವರು ಅವನನ್ನು ಮಾತಾಡಿಸದೆ ಎದ್ದು ಹೋದರು. ನಾನೋ, ಎದೆಯುಬ್ಬಿಸಿ ನಿಂತೆ. ಎಲ್ಲರೂ ಊಟಕ್ಕೆ ನುಗ್ಗಿದಾಗ ಡಬ್ಬಿಯನ್ನು ಮೆಲ್ಲನೆ ಜೇಬಿಗಿಳಿಸಿದೆ.

ನೇರ ಹೊಳೆನರಸೀಪುರಕ್ಕೆ ಹೋಗಬಹುದಾಗಿದ್ದವನು ನನ್ನ ಜೊತೆಗೇ ಹಾಸನದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಪಾಠ ಮಾಡಿದೆ. ಮನೋನಿಗ್ರಹ ಎಂದರೇನು, ಸುಗಂಧರಾಜದ ಮುಂದೆ ನಿನ್ನ ಮೂಗು ಹೇಗೆ ಮಂಕಾಯಿತು, ಶಿಸ್ತಿನ ಮನುಷ್ಯನನ್ನು ಓದುವುದು ಯಾಕೆ ಅಸಾಧ್ಯ... ಅವನು "ಹೂಂ ಭಾವ, ಹೂಂ" ಅನ್ನುತ್ತ ಕಿಟಕಿಯಾಚೆ ನೋಡುತ್ತಿದ್ದ.

ಶಾಂತಿಗ್ರಾಮ ದಾಟಿತು. ಅವನು ಮುಖ ತಿರುಗಿಸದೆಯೇ ನನ್ನ ಕಡೆಗೆ ಅಂಗೈ ಚಾಚಿದ.

"ಹೊಟ್ಟೆ ತೊಳಸ್ತದೆ ಭಾವ. ಒಂದು ಏಲಕ್ಕಿ ಕೊಡಿ."

ಒಳಜೇಬಿಗೆ ಕೈ ಹಾಕಿದೆ. ಡಬ್ಬಿ ತೆಗೆಯುವಾಗ ಮುಚ್ಚಳ ಟಣ್ಣೆಂದಿತು. ಅವನ ಅಂಗೈಗೆ ಒಂದು ಏಲಕ್ಕಿ ಹಾಕಿದೆ, ನನಗೊಂದು ತೆಗೆದುಕೊಂಡೆ. ಜಗತ್ತಿನಲ್ಲಿ ಎಲ್ಲವನ್ನೂ ಗಮನಿಸುವ ಆ ಮನುಷ್ಯ, ನನ್ನ ಕಣ್ಣುಗಳನ್ನು ಮಾತ್ರ ನೋಡಬಾರದೆಂದು, ಹಾಸನ ಬರುವವರೆಗೂ ಕತ್ತು ನೋಯುವಷ್ಟು ಕಿಟಕಿಗೇ ತಿರುಗಿ ಕೂತಿದ್ದ.