ಗಂಗವ್ವಜ್ಜಿಯ ಹೆಬ್ಬೆಟ್ಟು

ಕಾದಂಬರಿ ಬರೆದು ಡಾಕ್ಟರ್ ಆಗುತ್ತೇನೆಂದು ಹೊರಟವರಿಗೆ ಇಂಥವು ಆಗೋದೇ. ನನಗೆ ಐದು ವರ್ಷ ಬಿಡುವಿಲ್ಲದೆ ಆದವು.

ಸಣ್ಣ ಕಂಪನಿ

ಆಗ ಹೈದರಾಬಾದಿನಲ್ಲಿ ಕಲ್ಲೆಸೆದರೆ ಸಾಫ್ಟ್‌ವೇರ್‌ನವರಿಗೇ ಬೀಳುತ್ತಿತ್ತು. ನಾನೊಬ್ಬಳು ಕಾಚಿಗೂಡದ ಅಣ್ಣನ ಮನೆಯಲ್ಲಿ ಕೂತು, ಸೃಜನಶೀಲ ಬರವಣಿಗೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಅಂದರೆ ಪ್ರಬಂಧದ ಬದಲು ಕಾದಂಬರಿ ಬರೆದು ಒಪ್ಪಿಸಬೇಕು.

ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ವರ ನೋಡಲು ಬಂದ. ನಾನೂ ಸಾಫ್ಟ್‌ವೇರಿನವಳೇ ಅಂದುಕೊಂಡು, ಉಪ್ಪಿಟ್ಟು ತಿನ್ನುತ್ತ ವಿಚಾರಣೆ ಶುರುಮಾಡಿದ.

"ಟೀಮಲ್ಲಿ ಎಷ್ಟು ಜನ ಇದೀರಾ?"

"ನಾನೊಬ್ಬಾಕಿನೇ."

"ಟೆಸ್ಟಿಂಗ್ ಯಾರು ಮಾಡ್ತಾರೆ?"

"ಯಾರೂ ಮಾಡಂಗಿಲ್ಲ."

ಅವನು ತನ್ನ ತಾಯಿಯ ಕಡೆ ಬಗ್ಗಿ ಮೆಲ್ಲಗೆ ಹೇಳಿದ: "ಸಣ್ಣ ಕಂಪನಿ ಅನ್ಸುತ್ತೆ ಅಮ್ಮ."

ಸಂಬಂಧ ಮುರಿಯಿತು. ಅಣ್ಣ ಆವತ್ತೇ ಗಡುವು ಹಾಕಿದ. "ಈ ವರ್ಷ ಡಿಗ್ರಿ ಕೈಗೆ ಬರಲಿಲ್ಲಂದ್ರ, ಅಮೀರ್‌ಪೇಟಕ್ಕ ಹೋಗಿ ಕಂಪ್ಯೂಟರ್ ಕೋರ್ಸ್ ಸೇರಬೇಕು ನೋಡು." ನನಗೆ ಜೀವ ಹೋದಂಗಾಯ್ತು.

ಗೊತ್ತಿಲ್ಲದ ಸಂಶೋಧನೆ

ನನ್ನ ಕಾದಂಬರಿಯ ನಾಯಕಿ ಗಂಗವ್ವಜ್ಜಿ. ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿ ಮಾರುವ ಮುದುಕಿ. ಪೂರಾ ನನ್ನ ತಲೆಯಲ್ಲೇ ಹುಟ್ಟಿದವಳು.

ಆರು ತಿಂಗಳಿಗೊಮ್ಮೆ ಕಮಿಟಿ ಮುಂದೆ ಹಾಜರಾಗಿ ಪ್ರಗತಿ ಹೇಳಬೇಕಿತ್ತು. ಕಾದಂಬರಿ ಓದದೇ ಆಯಸ್ಸು ಕಳೆದ ಹಿರಿಯರೊಬ್ಬರು ಆ ಕಮಿಟಿಯಲ್ಲಿದ್ದರು.

"ಈ ಮುದುಕಿ ಕಡೀಕ ಗೆಲ್ತಾಳೋ, ಸೋಲ್ತಾಳೋ?"

"ಇನ್ನೂ ಗೊತ್ತಿಲ್ರಿ ಸರ್. ಬರಕೋತ ಹೋದಂಗ ಗೊತ್ತಾಗ್ತದ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗೊತ್ತಿಲ್ಲದ ವಿಷಯದ ಮ್ಯಾಲ ಸಂಶೋಧನಾ ಯಾಕ ಮಾಡಾಕತ್ತೀರಿ?"

ಉಳಿದವರೆಲ್ಲ ತಲೆ ಅಲ್ಲಾಡಿಸಿದರು. ಇವರ ಕೈಯಲ್ಲಿ ವಿದ್ಯೆ!

ಆಧಾರ ಎಲ್ಲಿ?

ನನ್ನ ಗೈಡ್ ಒಳ್ಳೆಯವರೇ. ಆದರೆ ಮೂವತ್ತು ವರ್ಷದಿಂದ ಒಂದೇ ಅಚ್ಚಿನಲ್ಲಿ ಪ್ರಬಂಧ ಎರಕ ಹೊಯ್ದವರು.

"ಅಜ್ಜಿ ಭಾಳ ಮಾತಾಡ್ಯಾಳ. ಇದಕ್ಕೆಲ್ಲ ಆಧಾರ ಎಲ್ಲಿ?"

"ಸರ್, ಅಂಥಾಕಿ ಯಾರೂ ಇಲ್ಲ. ನನ್ನ ಕಲ್ಪನಾ."

"ಇರಲಿ. ಪ್ರಶ್ನಾವಳಿ ತುಂಬಿಸಿ ಹಚ್ಚು. ಅನುಬಂಧ ಇಲ್ಲದ ಪ್ರಬಂಧ ನಾ ಕಳಸಂಗಿಲ್ಲ."

ತುಂಬಿಸಿದೆ. ಹೆಸರು, ವಯಸ್ಸು, ಕಸುಬು, ಎಷ್ಟು ಹೆರಿಗೆ, ಎಷ್ಟು ಉಳಿದವು, ಎಲ್ಲ ಬರೆದೆ. ಅಮೀರ್‌ಪೇಟದ ಭಯಕ್ಕೆ ಮನುಷ್ಯ ಏನು ಬೇಕಾದರೂ ಬರೆದಾನು. ಗೈಡ್ ತಿರುವಿ ನೋಡಿ, "ಸಹಿ?" ಅಂದರು.

"ಆಕಿಗೆ ಓದು ಬರಹ ಬರಂಗಿಲ್ರಿ."

"ಮತ್ತ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ."

ಅಬಿಡ್ಸಿಗೆ ಹೋಗಿ ಸ್ಟ್ಯಾಂಪ್ ಪ್ಯಾಡ್ ತಂದೆ. ನನ್ನದೇ ಎಡಗೈ ಹೆಬ್ಬೆಟ್ಟು ಒತ್ತಿ ಒಯ್ದುಕೊಟ್ಟೆ. ಗೈಡ್ ಆ ನೀಲಿ ಗುರುತನ್ನು ಬಹಳ ಹೊತ್ತು ನೋಡಿದರು.

"ಪಾಪ, ದುಡಿದ ಕೈ," ಅಂದರು.

ಅಣ್ಣನ ಮನೆಯಲ್ಲಿ ಒಂದು ಲೋಟ ತೊಳೆದ ಕೈ ಅಲ್ಲ ಅದು. ಅತ್ತಿಗೆಯನ್ನು ಕೇಳಿದರೆ ಗೊತ್ತಾಗುತ್ತಿತ್ತು.

ಕರಕೊಂಡು ಬರ್ರಿ

ಕಡೆಯ ಮೌಖಿಕ ಪರೀಕ್ಷೆಗೆ ಕರ್ನಾಟಕದಿಂದ ಒಬ್ಬ ಪರೀಕ್ಷಕರು ಬೆಳಗಿನ ರೈಲಿಗೆ ಬಂದಿಳಿದರು. ಹೊರಗೆ ಬೆಂಚಿನ ಮೇಲೆ ಅಣ್ಣ, ಅವನ ಜೇಬಿನಲ್ಲಿ ಕಂಪ್ಯೂಟರ್ ಕೋರ್ಸಿನ ಅರ್ಜಿ. ಒಳಗೆ ಗೈಡ್, ಕನ್ನಡಕದ ಹಿರಿಯರು, ನಾನು.

ಪರೀಕ್ಷಕರು ಮುನ್ನೂರು ಪುಟದ ಕಾದಂಬರಿಯನ್ನು ಮುಟ್ಟಲಿಲ್ಲ. ಸೀದಾ ಅನುಬಂಧಕ್ಕೆ ಬಂದರು.

"ಕತಿ ಇರಲಿ ಬಿಡ್ರಿ, ಅದನ್ನ ಯಾರ್ ಬೇಕಾದ್ರೂ ಬರೀತಾರ. ಈ ಗಂಗವ್ವನ ಮಾಹಿತಿ ಐತಲ್ಲ, ಇದು ಖರೇ ಸಂಶೋಧನಾ. ಬೇಗಂ ಬಜಾರ್ ಇಲ್ಲೇ ಐತಿ. ಆಟೋದಾಗ ಆಕಿನ್ನ ಕರಕೊಂಡು ಬರ್ರಿ. ಊಟ ಆದಮ್ಯಾಲ ನಾಕು ಮಾತು ಕೇಳಿ ಸಹಿ ಮಾಡ್ತೀನಿ."

ನಾನು ಗೈಡ್ ಕಡೆ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು. ಅಜ್ಜಿ ಇಲ್ಲವೆಂದರೆ ಹೆಬ್ಬೆಟ್ಟು ಸುಳ್ಳು, ಐದು ವರ್ಷ ಹೊಳ್ಯಾಗ ಹುಣಸೆಹಣ್ಣು ತೊಳೆದಂತೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

"ಆಕಿ ತೀರಿಕೊಂಡಾಳ್ರಿ ಸರ್."

"ಅಯ್ಯ ಪಾಪ. ಯಾವಾಗ?"

ತಲೆಗೆ ಇನ್ನೊಂದು ಸುಳ್ಳು ಹೊಳೆಯಲೇ ಇಲ್ಲ. "ಹನ್ನೆರಡನೇ ಅಧ್ಯಾಯದಾಗ್ರಿ."

ನನ್ನ ಕತೆ ಮುಗಿಯಿತು ಅಂದುಕೊಂಡೆ. ಪರೀಕ್ಷಕರು ಅದನ್ನು ಹಾಳೆಯ ಮೇಲೆ ನೀಟಾಗಿ ಬರೆದುಕೊಂಡರು. ಪೆನ್ನಿನ ಟೋಪಿ ಹಾಕಿ ಎದ್ದು ನಿಂತರು. ಅವರ ಹಿಂದೆ ಕನ್ನಡಕದ ಹಿರಿಯರು ಎದ್ದರು, ಗೈಡ್ ಎದ್ದರು, ನಾನೂ ಎದ್ದೆ. ಎರಡು ನಿಮಿಷ ಮೌನ ಆಚರಿಸಿದೆವು. ಆಮೇಲೆ ಕೂತು ಮೂವರೂ ಸಹಿ ಹಾಕಿದರು.

ಅಂತೂ ನಾನು ಡಾಕ್ಟರ್ ಆದೆ. ಹೊರಗೆ ಅಣ್ಣ ಅರ್ಜಿಯನ್ನು ಮಡಚಿ ಬೆವರು ಒರೆಸಿಕೊಂಡ. ನನ್ನ ಹಿಂದೆಯೇ ಬಂದ ಗೈಡ್, ಅಜ್ಜಿ ಕಲ್ಪನೆಯೆಂದು ನನ್ನ ಬಾಯಿಂದಲೇ ಕೇಳಿದ್ದ ಗೈಡ್, ಕರವಸ್ತ್ರದಿಂದ ಕಣ್ಣೊತ್ತಿಕೊಂಡು ನೊಂದು ನುಡಿದರು:

"ಒಂದು ಮಾತು ತಿಳಿಸಬಾರದಿತ್ತೇನವಾ, ಮಣ್ಣಿಗಾದ್ರೂ ಬರ್ತಿದ್ದೆ."